ಹನೋಯಿ ನಗರದ ಹಳೆಯ ಪೇಟೆ, ಅಲ್ಲಿಯ ಕಾಫಿ ಮತ್ತು ಅಡಿಕೆ

ಕಾಫಿ ಧಾರಣೆಯ ಮಾತು ಬಂದಾಗಲೆಲ್ಲ ನಮ್ಮಲ್ಲಿ ವಿಯೆಟ್ನಾಂ ದೇಶದ ಹೆಸರು ಬಂದೇ ಬರುತ್ತದೆ. 2001ರ ಸುಮಾರಿಗೆ ಅಲ್ಲಿಯ ರೊಬಸ್ಟಾ ಪ್ರಪಂಚದ ಪೇಟೆಯಲ್ಲಿ ತುಂಬಿ ಧಾರಣೆ ನೆಲ ಕಚ್ಚಿದ್ದೂ, 2024ರಲ್ಲಿ ಅಲ್ಲಿಯ ಬರಗಾಲ ಧಾರಣೆ ಏರಲು ಒಂದು ಕಾರಣವಾದದ್ದೂ ಸದಸ್ಯ ಬಾಂಧವರಿಗೆ ತಿಳಿದ ಸಂಗತಿಯೇ. ಆದರೆ ಆ ಜನ ತಾವು ಬೆಳೆದ ಕಾಫಿಯನ್ನು ಹೇಗೆ ಕುಡಿಯುತ್ತಾರೆ, ಅವರ ಮನೆ ಎಂಥದು, ಊಟ ಎಂಥದು ಎಂಬ ವಿಚಾರ ನಮ್ಮಲ್ಲಿ ಬರುವುದು ಕಡಿಮೆ. ಅಲ್ಲಿ ಅಡಿಕೆಯೂ ಉಂಟು. ಆದ್ದರಿಂದ ಈ ಬಾರಿ ಆ ದೇಶದ ರಾಜಧಾನಿ ಹನೋಯಿಯ ಪರಿಚಯ ಮಾಡಿಕೊಡುತ್ತಿದ್ದೇವೆ.

ಕೆಂಪು ನದಿಯ ದಂಡೆಯ ಈ ಊರು 1010ರಲ್ಲಿ ಲೀ ವಂಶದ ಅರಸರ ರಾಜಧಾನಿಯಾಯಿತು. ಹನೋಯಿ ಎಂಬ ಹೆಸರು ಬಂದದ್ದು 1831ರಲ್ಲಿ. 1070ರಲ್ಲಿ ಸ್ಥಾಪನೆಯಾದ ಸಾಹಿತ್ಯ ಮಂದಿರ ಇಲ್ಲಿಯ ಹೆಮ್ಮೆ. ಅದರ ಅಂಗಳದಲ್ಲಿ ಕಲ್ಲಿನ ಆಮೆಗಳ ಬೆನ್ನ ಮೇಲೆ 82 ಶಾಸನಗಳು ನಿಂತಿವೆ. ಅರಸನ ಪರೀಕ್ಷೆಯಲ್ಲಿ ತೇರ್ಗಡೆಯಾದ ಪಂಡಿತರ ಹೆಸರುಗಳು ಅವು. ನಮ್ಮಲ್ಲಿ ಯುದ್ಧದಲ್ಲಿ ಮಡಿದವನಿಗೆ ವೀರಗಲ್ಲು. ಅಲ್ಲಿ ಪರೀಕ್ಷೆ ಗೆದ್ದವನಿಗೂ ಕಲ್ಲು!

ಹನೋಯಿಯ ಜೀವ ಇರುವುದು ಮಾತ್ರ 'ಮೂವತ್ತಾರು ಬೀದಿ' ಎಂದು ಹೆಸರಾದ ಹಳೆಯ ಪೇಟೆಯಲ್ಲಿ. 'ಹಾಂಗ್' ಎಂದರೆ ಸರಕು. ಹಾಂಗ್ ಬಾಕ್ ಬೆಳ್ಳಿಯ ಬೀದಿ, ಹಾಂಗ್ ಡುವಾಂಗ್ ಸಕ್ಕರೆಯ ಬೀದಿ, ಹಾಂಗ್ ಥಿಯೆಕ್ ತಗಡಿನ ಬೀದಿ. ಒಂದೊಂದು ಕಸಬಿನವರು ಒಂದೊಂದು ಹಳ್ಳಿಯಿಂದ ಬಂದು ನೆಲೆಸಿ, ತಮ್ಮ ಕುಲದೇವರ ಗುಡಿಯನ್ನೂ ಕಟ್ಟಿಕೊಂಡರು. ಹಲವು ಬೀದಿಗಳಲ್ಲಿ ಹೆಸರು ಉಳಿದು ಸರಕು ಬದಲಾಗಿದೆ. ತಗಡಿನ ಬೀದಿಯಲ್ಲಿ ಮಾತ್ರ ಸುತ್ತಿಗೆಯ ಸದ್ದು ಇನ್ನೂ ನಿಂತಿಲ್ಲ.

ಇಲ್ಲಿಯ ಮನೆಗೆ ಕೊಳವೆ ಮನೆ ಎಂದೇ ಹೆಸರು. ಬೀದಿಯ ಕಡೆಯ ಅಗಲ ಎಂಟು ಹತ್ತು ಅಡಿ. ಒಳಕ್ಕೆ ಹೋದರೆ ಇನ್ನೂರು ಅಡಿ ಉದ್ದದವೂ ಉಂಟು. ಮುಂದಿನ ಅಗಲ ನೋಡಿ ತೆರಿಗೆ ಹಾಕುತ್ತಿದ್ದರೆಂದು ಹೇಳುವುದು ರೂಢಿ. ಬೀದಿಗೆ ಮುಖ ಮಾಡಿದ ಜಾಗಕ್ಕೆ ವ್ಯಾಪಾರದಲ್ಲಿ ಇದ್ದ ಬೆಲೆಯೂ ಕಾರಣವೇ. ಮುಂದೆ ಅಂಗಡಿ, ಅದರ ಹಿಂದೆ ಗಾಳಿ ಬೆಳಕಿಗೆಂದು ತೆರೆದ ಅಂಗಳ, ಆಮೇಲೆ ವಾಸದ ಕೋಣೆ, ಮತ್ತೊಂದು ಅಂಗಳ, ಕೊನೆಗೆ ಅಡಿಗೆ ಮನೆ. ನಮ್ಮ ತೊಟ್ಟಿ ಮನೆಗಳನ್ನು ಒಂದರ ಹಿಂದೊಂದು ಪೋಣಿಸಿದಂತೆ ಎನ್ನಬಹುದು.

1954ರ ನಂತರ ಒಂದೊಂದು ಮನೆಯಲ್ಲಿ ಹಲವು ಸಂಸಾರಗಳು ಸೇರಿಕೊಂಡವು. ಜಾಗ ಸಾಲದೆ ಅಂಗಳಗಳಿಗೂ ಮಾಡು ಬಿತ್ತು, ಬೆಳಕು ಹೋಯಿತು. 1986ರಲ್ಲಿ ಸರ್ಕಾರ ಖಾಸಗಿ ವ್ಯಾಪಾರಕ್ಕೆ ಬಾಗಿಲು ತೆರೆದ ಮೇಲೆ ಕೈಯಲ್ಲಿ ಕಾಸು ಓಡಾಡಿ, ಹೆಂಚಿನ ಮನೆ ಕೆಡವಿ ಕಾಂಕ್ರೀಟು ಮಹಡಿ ಎಬ್ಬಿಸುವುದು ಶುರುವಾಯಿತು. ಮಾ ಮೇ ಬೀದಿಯ 87ನೇ ಮನೆಯಲ್ಲಿ ಐದು ಕುಟುಂಬಗಳಿದ್ದವು. ಫ್ರಾನ್ಸಿನ ತುಲೂಸ್ ನಗರದ ನೆರವಿನಿಂದ 1999ರಲ್ಲಿ ಅದನ್ನು ಮೊದಲಿನಂತೆ ಮಾಡಿ ನೋಡುಗರಿಗೆ ತೆರೆದಿದ್ದಾರೆ. ಪೇಟೆಯ ಎಷ್ಟೋ ಕುಟುಂಬಗಳನ್ನು ನದಿಯಾಚೆಯ ಹೊಸ ಬಡಾವಣೆಗೆ ಕಳಿಸುವ ಯೋಜನೆಯೂ ಹುಟ್ಟಿತು. ಆದರೆ ಹೊಟ್ಟೆಪಾಡು ಇರುವುದು ಕೆಳಗಿನ ಅಂಗಡಿಯಲ್ಲಿ. ಬಿಟ್ಟು ಹೋಗಲು ಹಲವರಿಗೆ ಮನಸ್ಸಿಲ್ಲ. ಸಂಸಾರಗಳೆಲ್ಲ ಹೊರಟು ಬರೀ ಪ್ರವಾಸಿಗರು ಉಳಿದರೆ ಮನೆ ಉಳಿದೂ ಪೇಟೆ ಹೋದಂತೆಯೇ ಎಂದು ನಮ್ಮ ಅಭಿಪ್ರಾಯ. ಹತ್ತಡಿ ಕೋಣೆಯಲ್ಲಿ ಬಾಳುವೆ ಮಾಡುವವರ ಎದುರಿಗೆ ಈ ಮಾತು ಆಡುವುದು ಅಷ್ಟು ಸುಲಭವಲ್ಲ.

ಊಟದ ವಿಷಯದಲ್ಲಿ 'ಫೋ' ಎಂಬುದು ಜಗತ್ಪ್ರಸಿದ್ಧ. ಮೂಳೆಯ ಸಾರಿಗೆ ಚಕ್ಕೆ, ಅನಾನಸ್ ಹೂ ಹಾಕಿ ಗಂಟೆಗಟ್ಟಲೆ ಕುದಿಸಿ, ಅಕ್ಕಿಯ ಶ್ಯಾವಿಗೆಯ ಮೇಲೆ ಸುರಿದು ಬೆಳಿಗ್ಗೆ ಉಣ್ಣುತ್ತಾರೆ. ಅರಿಸಿನ ಹಚ್ಚಿದ ಮೀನನ್ನು ಸಬ್ಬಸಿಗೆ ಸೊಪ್ಪಿನ ಜೊತೆ ಹುರಿಯುವ 'ಚಾ ಕಾ' ಎಂಬ ತಿಂಡಿಗೆ ಎಷ್ಟು ಹೆಸರೆಂದರೆ, ಬೀದಿಗೇ ಅದರ ಹೆಸರು ಬಂದಿದೆ. ಶಾಕಾಹಾರಿಗಳು ಗಾಬರಿಪಡಬೇಕಿಲ್ಲ. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹುಣ್ಣಿಮೆಯಂದು ಅಲ್ಲಿಯೂ ಅನೇಕರು ಮಾಂಸ ಬಿಡುತ್ತಾರೆ. ಎಳೆಯ ಭತ್ತವನ್ನು ಹುರಿದು ಕುಟ್ಟಿ ಮಾಡುವ ಹಸಿರು ಅವಲಕ್ಕಿಯನ್ನು ತಾವರೆ ಎಲೆಯಲ್ಲಿ ಕಟ್ಟಿ ಮಾರುತ್ತಾರೆ. ನಮ್ಮವರಿಗೆ ಅದು ಖಂಡಿತ ಹಿಡಿಸೀತು.

ಕಾಫಿ ಗಿಡವನ್ನು ಆ ದೇಶಕ್ಕೆ 1857ರಲ್ಲಿ ತಂದವರು ಫ್ರೆಂಚ್ ಪಾದ್ರಿಗಳು. ಅಲ್ಲಿಯ ಬೆಳೆಯಲ್ಲಿ ಬಹುಪಾಲು ರೊಬಸ್ಟಾ. ಅದನ್ನು ಕಪ್ಪಾಗುವಂತೆ ಹುರಿದು, 'ಫಿನ್' ಎಂಬ ತೂತಿನ ತಳದ ಪುಟ್ಟ ಪಾತ್ರೆಯನ್ನು ಲೋಟದ ಮೇಲೆಯೇ ಕೂರಿಸಿ ತೊಟ್ಟು ತೊಟ್ಟಾಗಿ ಇಳಿಸುತ್ತಾರೆ. ಹಸಿ ಹಾಲು ಸುಲಭವಾಗಿ ಸಿಗದ ಕಾಲದಿಂದ ಡಬ್ಬಿಯ ಸಿಹಿ ಗಟ್ಟಿ ಹಾಲೇ ರೂಢಿಯಾಗಿದೆ. 1946ರಲ್ಲಿ ಅದೂ ದುರ್ಲಭವಾದಾಗ ಮೆಟ್ರೊಪೋಲ್ ಹೋಟೆಲಿನ ನೌಕರ ನುಯೆನ್ ವಾನ್ ಜಾಂಗ್ ಮೊಟ್ಟೆಯ ಹಳದಿಗೆ ಸಕ್ಕರೆ ಹಾಕಿ ನೊರೆ ಬರುವಂತೆ ಕಡೆದು ಕಾಫಿಯ ಮೇಲೆ ಹಾಕಿದರು. ಅವರ ಮನೆಯವರು ಆ ಕಾಫಿಯನ್ನು ಹಳೆಯ ಪೇಟೆಯಲ್ಲಿ ಈಗಲೂ ಮಾರುತ್ತಿದ್ದಾರೆ. ರೊಬಸ್ಟಾ ಎಂದರೆ ಮೂಗು ಮುರಿಯುವವರು ಈ ಊರನ್ನು ಒಮ್ಮೆ ನೋಡಬೇಕು. ಕಹಿಯನ್ನು ಅಡಗಿಸುವ ಗೋಜಿಗೆ ಹೋಗದೆ ಅದಕ್ಕೇ ಜೊತೆ ಹುಡುಕಿದ್ದಾರೆ.

ಕಾಫಿ ಹೊಸಬ; ಅಡಿಕೆ ಹಳಬ. ಅಣ್ಣ, ತಮ್ಮ ಮತ್ತು ಅಣ್ಣನ ಹೆಂಡತಿ ಒಬ್ಬರಿಗಾಗಿ ಒಬ್ಬರು ಮರುಗಿ ಪ್ರಾಣಬಿಟ್ಟು, ತಮ್ಮ ಸುಣ್ಣಕಲ್ಲಾಗಿ, ಅಣ್ಣ ಅಡಿಕೆ ಮರವಾಗಿ, ಅವಳು ವೀಳ್ಯದ ಬಳ್ಳಿಯಾದರೆಂದು ಅಲ್ಲಿ ಮಕ್ಕಳಿಗೂ ಗೊತ್ತಿರುವ ಕತೆ. ಅವರು ಬಳಸುವುದು ಹಸಿ ಅಡಿಕೆ. ಹಲ್ಲು ಕಪ್ಪು ಮಾಡಿಕೊಂಡು ಕವಳ ಹಾಕುವ ಅಜ್ಜಿಯರು ಈಗ ಅಪರೂಪ; ಯುವಕರು ಕಾಫಿ ಅಂಗಡಿಯ ಪುಟ್ಟ ಸ್ಟೂಲುಗಳ ಮೇಲೆ ಕೂತಿರುತ್ತಾರೆ. ಹಾಗಿದ್ದರೂ ನಿಶ್ಚಿತಾರ್ಥಕ್ಕೆ ಗಂಡಿನ ಕಡೆಯವರು ಕೆಂಪು ಬಟ್ಟೆ ಮುಚ್ಚಿ ಒಯ್ಯುವ ತಟ್ಟೆಗಳಲ್ಲಿ ಅಡಿಕೆ ಗೊನೆ ಇರಲೇಬೇಕು. ಅಲ್ಲಿಯ ತೋಟಗಳ ಫಸಲಿನಲ್ಲಿ ಬಹಳಷ್ಟು ಈಗ ಒಣಗಿ ಚೀನಾ ದೇಶಕ್ಕೆ ಹೋಗಿ ಅಲ್ಲಿ ಜಗಿಯುವ ಮಿಠಾಯಿಯಾಗುತ್ತದೆ. ಚೀನಾದ ವರ್ತಕರು ಕೊಂಡರೆ ಧಾರಣೆ ಏರಿತು, ಕೊಳ್ಳದಿದ್ದರೆ ಇಳಿಯಿತು.