ಓದಿದ್ದು ಐದು ಪುಸ್ತಕ, ಕಾಡಿದ್ದು ಒಂದು ಸಹಿ | ಪಾಡ್‌ಕಾಸ್ಟ್ ಪಠ್ಯ

ಇತ್ತೀಚೆಗೆ ಏನೇನು ಓದಿದಿರಿ, ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲ, ನಿಮ್ಮ ಮಾತಲ್ಲೇ ಹೇಳಿ ಅಂತ ಈ ಸಂಚಿಕೆಗೆ ಕರೆದಿದ್ದಾರೆ. ನಾನು ವಿಮರ್ಶಕಿ ಅಲ್ಲ. ಚಿಕ್ಕಬಾಣಾವರದಲ್ಲಿ ಮನೆ, ಪೀಣ್ಯದ ಒಂದು ಸಣ್ಣ ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸ. ಲಾರಿಯಲ್ಲಿ ಎಷ್ಟು ರಾಡು ಬಂತು, ಯಾವ ಮಷೀನಿಗೆ ಎಷ್ಟು ಹೋಯ್ತು, ಉಳಿದಿದ್ದೆಷ್ಟು ಅಂತ ಬರೆದಿಡೋದು ನನ್ನ ಹೊಣೆ. ಅದಕ್ಕೇ ಇರಬೇಕು, ಕತೆ ಓದುವಾಗಲೂ ಲೆಕ್ಕ ನೋಡುವ ಚಾಳಿ. ಕತೆಯಲ್ಲಿ ಒಂದು ಮನೆ ಬಂತು ಅಂದ್ರೆ, ಈ ಮನೆಗೆ ದುಡ್ಡು ಎಲ್ಲಿಂದ ಬರುತ್ತೆ, ಬಂದ ಮೇಲೆ ಯಾರ ಕೈಲಿರುತ್ತೆ ಅಂತ ಮೊದಲು ಹುಡುಕ್ತೀನಿ.

ಈ ಸಲ ಆ ಚಾಳಿ ಸ್ವಲ್ಪ ಜಾಸ್ತಿಯೇ ಆಗಿತ್ತು. ಕಾರಣ ಹೇಳದೇ ಮುಂದೆ ಹೋದರೆ ನನ್ನ ಅಭಿಪ್ರಾಯಗಳು ಯಾಕೆ ಹೀಗಿವೆ ಅಂತ ನಿಮಗೆ ಗೊತ್ತಾಗಲ್ಲ. ಅಪ್ಪ ತೀರಿಕೊಂಡು ಮೂರು ವರ್ಷವಾಯ್ತು. ದಾಬಸ್‌ಪೇಟೆಯ ಆಚೆ ನಮ್ಮೂರಲ್ಲಿ ಎರಡು ಎಕರೆ ಚಿಲ್ಲರೆ ಪಿತ್ರಾರ್ಜಿತ ಜಮೀನಿದೆ. ರಾಗಿ, ಅವರೆ ಬೆಳೀತಿದ್ದ ನೆಲಕ್ಕೆ ಈಗ ಲೇಔಟಿನವರು, ಗೋಡೌನಿನವರು ಬಂದು ಬೆಲೆ ಕೇಳಿ ಹೋಗ್ತಾರೆ. ಅಣ್ಣ ಒಂದು ಹಕ್ಕು ಬಿಡುಗಡೆ ಪತ್ರ ಟೈಪ್ ಮಾಡಿಸಿಕೊಂಡು ಬಂದು ಕೈಗೆ ಕೊಟ್ಟ. 'ಅರಿಶಿನ ಕುಂಕುಮಕ್ಕೆ ಅಂತ ಏನಾದ್ರೂ ಕೊಡ್ತೀವಮ್ಮ, ನೀನು ರಿಜಿಸ್ಟ್ರಾರ್ ಆಫೀಸಿಗೆ ಒಂದು ದಿನ ಬಂದು ಸಹಿ ಹಾಕಿದ್ರೆ ಸಾಕು' ಅಂದ. ಕೆಟ್ಟವನಲ್ಲ ಅವನು. ಗೌರಿ ಹಬ್ಬಕ್ಕೆ ಒಂದು ವರ್ಷವೂ ಬಾಗಿನ ತಪ್ಪಿಸಿಲ್ಲ. ಈ ಪುಸ್ತಕಗಳನ್ನೆಲ್ಲ ನಾನು ಓದಿದ್ದು ಆ ಕಾಗದ ಮನೆಯಲ್ಲಿದ್ದ ತಿಂಗಳುಗಳಲ್ಲಿ.

ಮೊದಲನೆಯದು ಯಶವಂತ ಚಿತ್ತಾಲರ 'ಶಿಕಾರಿ'. 1979ರ ಕಾದಂಬರಿ. 'ಮೇಡಂ, ಇದು ಪೀಣ್ಯದವರ ಕತೆ' ಅಂತ ನಮ್ಮ ಡಿಸೈನ್ ವಿಭಾಗದ ಹುಡುಗ ಕೊಟ್ಟ. ಅದು ಮುಂಬೈ ಕತೆ. ಕೆಮಿಕಲ್ ಕಂಪನಿಯೊಂದರಲ್ಲಿ ಒಳ್ಳೆ ಹುದ್ದೆಯಲ್ಲಿರುವ ನಾಗಪ್ಪನನ್ನು ಇದ್ದಕ್ಕಿದ್ದ ಹಾಗೆ ಅಮಾನತು ಮಾಡ್ತಾರೆ. ಯಾವ ತಪ್ಪಿಗೆ ಅನ್ನೋದು ಅವನಿಗೆ ಗೊತ್ತಿಲ್ಲ. ಅಲ್ಲಿಂದ ಮುಂದೆ ಎದುರಿಗೆ ಬಂದವರ ನಗುವಿನಲ್ಲಿ, ಫೋನಿನಲ್ಲಿ, ಮೌನದಲ್ಲಿ ಎಲ್ಲದರಲ್ಲೂ ಅವನಿಗೆ ಸಂಚು ಕಾಣತೊಡಗುತ್ತೆ. ಚಿತ್ತಾಲರು ಉತ್ತರ ಕನ್ನಡದ ಹನೇಹಳ್ಳಿಯವರು, ಪಾಲಿಮರ್ ತಂತ್ರಜ್ಞರಾಗಿ ಮುಂಬೈನ ಕಂಪನಿಯಲ್ಲಿ ದುಡಿದವರು. ಹಾಗಾಗಿ ಆಫೀಸಿನ ರಾಜಕೀಯ ಎಲ್ಲೂ ಕೇಳಿ ಬರೆದ ಹಾಗಿಲ್ಲ. ನಾಗಪ್ಪ ತಲೆಯೊಳಗೇ ಸುತ್ತುವ ಪುಟಗಳು ಮಾತ್ರ ಸುಸ್ತು ಮಾಡಿದವು. ಹೆಂಗಸರೂ ಅವನ ಕಣ್ಣಿಂದಲೇ ಕಾಣ್ತಾರೆ, ಒಬ್ಬೊಬ್ಬರ ಪೂರ್ತಿ ಮುಖ ನೋಡೋಕೆ ಆಗಲ್ಲ. ಆದರೂ ಬಿಡೋಕಾಗಲಿಲ್ಲ. ಒಂದು ಕಾಗದ, ಅದೂ ಬಹಳ ಮರ್ಯಾದೆಯ ಭಾಷೆಯಲ್ಲಿ ಬರೆದ ಕಾಗದ, ಮನುಷ್ಯನ ನಿದ್ದೆ ಹೇಗೆ ಕೆಡಿಸುತ್ತೆ ಅನ್ನೋದನ್ನು ಇಷ್ಟು ವಿವರವಾಗಿ ಬೇರೆಲ್ಲೂ ಓದಿಲ್ಲ.

ಆಮೇಲೆ ವಿವೇಕ ಶಾನಭಾಗರ 'ಘಾಚರ್ ಘೋಚರ್', 2013ರದ್ದು. ಶ್ರೀನಾಥ್ ಪೆರೂರ್ ಇಂಗ್ಲಿಷಿಗೆ ಮಾಡಿದ ಮೇಲೆ ಹೊರಗಡೆಯೂ ಹೆಸರಾಯ್ತು. ನನಗೆ ಕನ್ನಡದ್ದೇ ಸಿಕ್ಕಿತ್ತು. ಭಾನುವಾರ ಅಡುಗೆ ಮುಗಿಸಿ ಹಿಡಿದವಳು ಸಂಜೆ ದೀಪ ಹಚ್ಚೋ ಹೊತ್ತಿಗೆ ಮುಗಿಸಿದ್ದೆ. ಇದು ಬೆಂಗಳೂರಿನದೇ ಒಂದು ಕುಟುಂಬ. ಅಪ್ಪ ಸೇಲ್ಸ್‌ಮನ್, ಇರುವೆ ಮುತ್ತಿಕೊಳ್ಳುವ ಸಣ್ಣ ಮನೆ. ಚಿಕ್ಕಪ್ಪ ಮಸಾಲೆ ಪುಡಿ ವ್ಯಾಪಾರ ಶುರು ಮಾಡಿದ ಮೇಲೆ ದುಡ್ಡು ಬಂತು, ದೊಡ್ಡ ಮನೆ ಬಂತು. ಕತೆ ಹೇಳುವ ಮಗ ಆ ಕಂಪನಿಯ ಡೈರೆಕ್ಟರ್, ಕೆಲಸ ಏನೂ ಇಲ್ಲ, ಸಂಬಳ ಬರುತ್ತೆ. ಬಡತನದ ಕಾಲದಲ್ಲಿ ಅಪ್ಪನ ಲೆಕ್ಕ ತಾಳೆಯಾಗದೇ ಇದ್ದಾಗ ಮನೆಮಂದಿಯೆಲ್ಲ ಕೂತು ತಪ್ಪು ಹುಡುಕುತ್ತಿದ್ದರು ಅನ್ನೋ ಭಾಗವನ್ನು ನಾನು ಎರಡೆರಡು ಸಲ ಓದಿದೆ. ಸ್ಟಾಕ್ ತಾಳೆಯಾಗದ ರಾತ್ರಿ ಹೇಗಿರುತ್ತೆ ಅಂತ ನನಗೆ ಗೊತ್ತಲ್ಲ!

ಆದರೆ ಅದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು. ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಬಾಗಿಲಿಗೆ ಬರ್ತಾಳೆ, ಅವನಿಗೆ ಇಷ್ಟ ಅಂತ ಬೇಳೆ ಸಾರು ಮಾಡಿಕೊಂಡು. ಮನೆಯ ಹೆಂಗಸರೇ ಅವಳನ್ನು ಬೈದು ಓಡಿಸ್ತಾರೆ. ದುಡಿಯುವ ಕೈಯನ್ನು ಕಾಪಾಡಿಕೊಳ್ಳೋದು ಎಲ್ಲರಿಗೂ ಬೇಕು, ಆ ಕೈ ಏನು ಮಾಡ್ತು ಅಂತ ಕೇಳೋದು ಯಾರಿಗೂ ಬೇಡ. ಸೊಸೆ ಅನಿತಾ ಕೇಳ್ತಾಳೆ. ಅವಳಿಗೆ ಏನಾಯ್ತು ಅಂತ ಹೇಳಲ್ಲ, ಓದದೇ ಇರೋರು ಓದಲಿ. ಪುಸ್ತಕ ಮುಚ್ಚಿದ ಮೇಲೆ ನನ್ನ ತವರಿನ ಮಾತುಗಳೇ ಬೇರೆ ಥರ ಕೇಳಿಸತೊಡಗಿದವು. 'ನಿನಗ್ಯಾಕಮ್ಮ ಈ ತಲೆನೋವೆಲ್ಲ' ಅಂತ ಅತ್ತಿಗೆ ಪ್ರೀತಿಯಿಂದಲೇ ಹೇಳ್ತಿದ್ದಳು.

ನಡುವೆ ಮನಸ್ಸು ಹಗುರ ಆಗಲಿ ಅಂತ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ತಗೊಂಡೆ. ಡಿವಿಜಿಯವರ ಮಗ, ಸಸ್ಯವಿಜ್ಞಾನದ ಪ್ರಾಧ್ಯಾಪಕರು. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋದ ಅನುಭವಗಳನ್ನು ತಮಾಷೆಯಾಗಿ, ತಾವೇ ಬರೆದ ಚಿತ್ರಗಳ ಜೊತೆ ಹೇಳ್ತಾರೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಒಂದೇ ಪಟ್ಟಿಗೆ ಓದುವ ಪುಸ್ತಕ ಅಲ್ಲ, ದಿನಕ್ಕೆ ಹತ್ತು ಪುಟ ಸಾಕು. ನಮ್ಮ ಕೆರೆ ಏರಿ ಮೇಲೆ ಹೋಗುವಾಗ ಬೇಲಿ ಗಿಡಗಳ ಹೆಸರು ಕೇಳುವ ಹುಚ್ಚು ಅಂಟಿಕೊಂಡಿದ್ದು ಬಿಟ್ಟರೆ ಇದರ ಬಗ್ಗೆ ಹೆಚ್ಚು ಹೇಳೋಕೆ ನನಗೆ ಬರಲ್ಲ.

ಸಿದ್ಧಲಿಂಗಯ್ಯನವರ 'ಊರುಕೇರಿ' ಹಾಗಲ್ಲ. ಇದು ಆತ್ಮಕತೆ. ಮಾಗಡಿ ಕಡೆಯ ಮಂಚನಬೆಲೆಯಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀರಾಮಪುರದಲ್ಲಿ ಬೆಳೆದವರು. ನಮ್ಮ ಮೆಟ್ರೊ ಹಸಿರು ಮಾರ್ಗದಲ್ಲಿ ದಾಸರಹಳ್ಳಿಯಿಂದ ಮೆಜೆಸ್ಟಿಕ್‌ಗೆ ಹೋಗುವಾಗ ಮಹಾಕವಿ ಕುವೆಂಪು ರಸ್ತೆ ಆದ ಮೇಲೆ ಶ್ರೀರಾಮಪುರ ನಿಲ್ದಾಣ ಬರುತ್ತೆ. ಎಷ್ಟೋ ವರ್ಷ ನನಗೆ ಅದು ಬರೀ ಸ್ಟೇಷನ್ ಹೆಸರು. ಈಗ ಅಲ್ಲಿ ಬಾಗಿಲು ತೆರೆದರೆ, ಸ್ಮಶಾನದಲ್ಲಿ ಕೂತು ಓದಿಕೊಳ್ಳುತ್ತಿದ್ದ ಒಬ್ಬ ಹುಡುಗನ ನೆನಪಾಗುತ್ತೆ. ಹಸಿವು, ಅವಮಾನ ಎಲ್ಲ ಇದೆ, ಆದರೆ ಪುಟಪುಟಕ್ಕೂ ನಗಿಸ್ತಾರೆ. ಆ ನಗು ಕಹಿಯನ್ನು ಮುಚ್ಚಿಡಲ್ಲ. ಜಮೀನ್ದಾರರ ಹೊಲದಲ್ಲಿ ಇಬ್ಬರು ಮನುಷ್ಯರು ಎತ್ತುಗಳ ಹಾಗೆ ನೊಗ ಹೊತ್ತು ಎಳೀತಿದ್ದಾರೆ, ಹಿಂದೆ ಒಬ್ಬ ಉಳ್ತಿದ್ದಾನೆ. ಎಳೆಯುವವರಲ್ಲಿ ಒಬ್ಬರು ತನ್ನ ಅಪ್ಪ ಅಂತ ಮಗುವಿಗೆ ಗೊತ್ತಾಗುತ್ತೆ. ಅದನ್ನು ಅವರು ದನಿ ಎತ್ತದೇ ಹೇಳಿ ಮುಂದೆ ಹೋಗ್ತಾರೆ, ನಾವು ಮಾತ್ರ ಅಲ್ಲೇ ನಿಂತಿರ್ತೀವಿ.

ಈ ಪುಸ್ತಕ ನನ್ನ ಲೆಕ್ಕವನ್ನು ಸ್ವಲ್ಪ ಕಲಕಿತು. ನನ್ನ ಪಾಲು, ನನ್ನ ಪಾಲು ಅಂತ ಮನಸ್ಸಲ್ಲೇ ವಾದ ಮಾಡ್ಕೊಂಡಿದ್ದವಳು ನಾನು. ನಮ್ಮ ಎರಡು ಎಕರೆಯಲ್ಲಿ ಕಳೆ ಕಿತ್ತವರು, ಕುಯ್ಲು ಮಾಡಿದವರು ಯಾರು? ಕೇರಿಯಿಂದ ಬರ್ತಿದ್ದ ಹೆಂಗಸರು. ಅವರ ಹೆಸರು ಯಾವ ಪಹಣಿಯಲ್ಲೂ ಇಲ್ಲ. ನಾನು ಕೇಳುವ ನ್ಯಾಯವೂ ಊರಿನ ಒಳಗಿನ ನ್ಯಾಯವೇ, ಕೇರಿಯವರೆಗೂ ಅದು ಹೋಗಲ್ಲ. ಹಾಗಂತ ನನ್ನ ಪ್ರಶ್ನೆ ಸುಳ್ಳಾಗಲ್ಲ ಅನ್ನೋದೂ ನಿಜ. ಎರಡನ್ನೂ ಇಟ್ಟುಕೊಂಡೇ ಮುಂದಿನ ಪುಸ್ತಕಕ್ಕೆ ಹೋದೆ.

ಅದು ಬಾನು ಮುಷ್ತಾಕ್ ಅವರ ಕತೆಗಳು. 2025ರ ಮೇ 20ರಂದು ದೀಪಾ ಭಾಸ್ತಿ ಅನುವಾದಿಸಿದ 'ಹಾರ್ಟ್ ಲ್ಯಾಂಪ್'ಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ಕ್ಯಾಂಟೀನಿನಲ್ಲೂ ಮಾತಾಗಿತ್ತು. ಕನ್ನಡಕ್ಕೆ ಮೊದಲ ಸಲ, ಸಣ್ಣಕತೆಗಳ ಸಂಕಲನಕ್ಕೂ ಮೊದಲ ಸಲ. ಅದರಲ್ಲಿರುವ ಹನ್ನೆರಡು ಕತೆಗಳು 1990ರಿಂದ 2023ರವರೆಗೆ ಬರೆದವು. ಹಾಸನದ ವಕೀಲೆ ಅವರು. ಕತೆಗಳಲ್ಲಿ ಅದು ಗೊತ್ತಾಗುತ್ತೆ, ಅಹವಾಲು ಹಿಡಿದು ಬಂದವರ ಮಾತನ್ನು ಕೂತು ಕೇಳಿದ ಕಿವಿ ಅದು. 'ಕರಿ ನಾಗರಗಳು' ಕತೆಯಲ್ಲಿ ಗಂಡ ಕೈಬಿಟ್ಟ ಹೆಂಗಸು ಮಕ್ಕಳನ್ನು ಕಟ್ಟಿಕೊಂಡು ನ್ಯಾಯ ಕೇಳೋಕೆ ಮಸೀದಿ ಮುಂದೆ ಕೂರ್ತಾಳೆ. ಗಿರೀಶ್ ಕಾಸರವಳ್ಳಿಯವರ 'ಹಸೀನಾ' ಸಿನಿಮಾ ಇದರಿಂದಲೇ ಆಗಿದ್ದು.

ನನ್ನನ್ನು ಹಿಡಿದು ನಿಲ್ಲಿಸಿದ್ದು 'ಬೆಂಕಿ ಮಳೆ'. ಜಮಾತಿನ ಮುಖಂಡ ಮುತವಲ್ಲಿಯ ಹತ್ತಿರ ಅವನ ಸ್ವಂತ ತಂಗಿಯೇ ಬಂದು ಆಸ್ತಿಯಲ್ಲಿ ತನ್ನ ಪಾಲು ಕೇಳ್ತಾಳೆ. ಧರ್ಮದಲ್ಲಿ ಅವಳಿಗೆ ಪಾಲಿದೆ ಅಂತ ಅವನಿಗೆ ಚೆನ್ನಾಗಿ ಗೊತ್ತು. ಕೊಡೋಕೆ ಮನಸ್ಸಿಲ್ಲ. ಅಷ್ಟರಲ್ಲಿ, ತಮ್ಮವನೊಬ್ಬನ ಶವವನ್ನು ಬೇರೆಯವರ ಸ್ಮಶಾನದಲ್ಲಿ ಹೂತಿದ್ದಾರೆ, ಅದನ್ನು ತೆಗೆಸಿ ಖಬರಸ್ತಾನಕ್ಕೆ ತರಬೇಕು ಅಂತ ಒಂದು ಗಲಾಟೆ ಏಳುತ್ತೆ. ಅವನು ಮುಂದೆ ನಿಂತು ಓಡಾಡ್ತಾನೆ. ಊರೆಲ್ಲ ಅವನ ಹಿಂದೆ. ತಂಗಿಯ ಮಾತು ಪಕ್ಕಕ್ಕೆ ಸರಿಯುತ್ತೆ. ಎಷ್ಟು ಚೆನ್ನಾಗಿ ಕಂಡುಕೊಂಡಿದ್ದಾರೆ ನೋಡಿ! ಮನೆಯೊಳಗಿನ ಬಾಕಿ ತೀರಿಸೋಕೆ ಇಷ್ಟ ಇಲ್ಲದವನಿಗೆ ಊರಿನ ಕೆಲಸ ಸಿಕ್ಕಷ್ಟು ಸಂತೋಷ ಬೇರೆ ಯಾವುದೂ ಕೊಡಲ್ಲ. ನಮ್ಮ ಕಡೆ ದೇವಸ್ಥಾನದ ಜೀರ್ಣೋದ್ಧಾರ ಇರುತ್ತೆ, ಜಾತ್ರೆ ಇರುತ್ತೆ, ಪಂಚಾಯಿತಿ ಚುನಾವಣೆ ಇರುತ್ತೆ.

'ಅದು ಅವರ ಸಮಾಜದ ಕತೆ' ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ. ಹಿಂದೂ ಕುಟುಂಬಗಳಲ್ಲಿ ಪಿತ್ರಾರ್ಜಿತ ಆಸ್ತಿಗೆ ಹೆಣ್ಣುಮಕ್ಕಳನ್ನು ಸೇರಿಸುವ ತಿದ್ದುಪಡಿ ಕರ್ನಾಟಕದಲ್ಲಿ 1994ರಲ್ಲೇ ಬಂತು, ಆದರೆ ಆಗ ಮದುವೆಯಾಗಿದ್ದವರಿಗೆ ಅದು ಸಿಗಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯಾಗಿರಲಿ ಬಿಡಲಿ, ಮಗಳೂ ಮಗನ ಹಾಗೆ ಹುಟ್ಟಿನಿಂದಲೇ ಸಮಾನ ಹಕ್ಕುದಾರಳು. ಆ ದಿನ ಅಪ್ಪ ಬದುಕಿರಲೇಬೇಕು ಅಂತೇನಿಲ್ಲ ಅಂತ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಕಾನೂನುಬದ್ಧವಾಗಿ ಭಾಗ ಆಗಿಹೋಗಿದ್ದರೆ ಮಾತು ಬೇರೆ. ಇಷ್ಟೆಲ್ಲ ಆದ ಮೇಲೆ ಅಣ್ಣತಮ್ಮಂದಿರಿಗೆ ತಂಗಿಯ ಸಹಿ ಬೇಕಾಗಿದೆ. ಸಹಿ ಕೇಳ್ತಿದ್ದಾರೆ ಅಂದ್ರೇನೇ ಹಕ್ಕು ಇದೆ ಅಂತ ಅರ್ಥ. ಇಲ್ಲದ್ದನ್ನು ಬಿಡುಗಡೆ ಮಾಡು ಅಂತ ಯಾರು ಕೇಳ್ತಾರೆ?

ಕಾನೂನು ನನಗೆ ಮೊದಲೇ ಅರ್ಧ ಗೊತ್ತಿತ್ತು. ಕತೆ ಮಾಡಿದ ಕೆಲಸ ಬೇರೆ. ಕೇಳೋದಕ್ಕೆ ಅಡ್ಡ ಬರ್ತಿದ್ದ ನಾಚಿಕೆ ಯಾರದ್ದು ಅಂತ ತೋರಿಸಿತು. ಕತೆಯಲ್ಲಿ ನಾಚಬೇಕಾದವನು ಮುತವಲ್ಲಿ. ಇಲ್ಲಿ ಮೂರು ತಿಂಗಳಿಂದ ನಾಚಿಕೊಂಡು ಕೂತಿದ್ದವಳು ನಾನು. ಓದಿದ ವಾರವೇ ಫೋನ್ ಮಾಡಿದೆ. 'ಅಣ್ಣ, ಸಹಿ ವಿಷಯ ಆಮೇಲೆ. ಎಲ್ಲಾ ಸರ್ವೆ ನಂಬರಿನ ಪಹಣಿ, ವಂಶವೃಕ್ಷ ತಗೊಂಡು ಬಾ, ಕೂತು ಮಾತಾಡೋಣ' ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. 'ನಿನಗೆ ಯಾರು ಹೇಳಿಕೊಟ್ರು?' ಅಂದ. ಪುಸ್ತಕ ಅಂದ್ರೆ ನಗ್ತಾನೆ ಅಂತ ಸುಮ್ಮನಾದೆ. ಇನ್ನೂ ಬಂದಿಲ್ಲ. ಈ ಸಲ ಬಾಗಿನ ಬರುತ್ತೋ ಇಲ್ವೋ ಅನ್ನೋ ಸಂಕಟ ಇದ್ದೇ ಇದೆ, ಅದನ್ನು ಯಾವ ತೀರ್ಪೂ ತೆಗೆಯಲ್ಲ.

ಸದ್ಯ ಕೈಲಿರೋದು ದೇವನೂರ ಮಹಾದೇವ ಅವರ 'ಕುಸುಮಬಾಲೆ'. ನಂಜನಗೂಡು ಸೀಮೆಯ ಮಾತು. ಮನಸ್ಸಲ್ಲೇ ಓದಿದರೆ ನನಗೆ ಸಾಲು ಸಾಗಲ್ಲ, ಬಾಯಿಬಿಟ್ಟು ಓದಿದರೆ ತಾನೇ ನಡೆಯುತ್ತೆ. ರಾತ್ರಿ ಅಡುಗೆಮನೆಯಲ್ಲಿ ಜೋರಾಗಿ ಓದ್ತೀನಿ, ಪಿಯುಸಿ ಓದುವ ಮಗಳು ಇಯರ್‌ಫೋನ್ ತೆಗೆದು 'ಅಮ್ಮ, ಆ ಸಾಲು ಇನ್ನೊಂದ್ಸಲ ಓದು' ಅಂತಾಳೆ. ಇಪ್ಪತ್ತು ಪುಟ ಆಗಿದೆ.