ಏರದೆ ನಿಂತ ವಿಮಾನ

ಭಟ್ಕಳ, ಹೊನ್ನಾವರ, ಕುಮಟೆಗಳಿಂದ ದುಬೈ, ಮಸ್ಕತ್ ಮೊದಲಾದ ಊರುಗಳಿಗೆ ಉದ್ಯೋಗಾರ್ಥವಾಗಿ ಹೋಗಿಬರುವವರ ಸಂಖ್ಯೆಯು ಅಲ್ಪವಲ್ಲ. ಉತ್ತರ ಕನ್ನಡ ಜಿಲ್ಲೆಯಲ್ಲಿ ನಾಗರಿಕ ವಿಮಾನ ನಿಲ್ದಾಣವು ಇನ್ನೂ ಇಲ್ಲದಿರುವುದರಿಂದ ಇವರು ದಕ್ಷಿಣಕ್ಕೆ ಮಂಗಳೂರಿನ ಬಜಪೆಗಾಗಲಿ ಉತ್ತರಕ್ಕೆ ಗೋವೆಗಾಗಲಿ ಹೋಗಿ ವಿಮಾನವನ್ನೇರಬೇಕು. ಹಾಗೆ ಏರಿ ಕುಳಿತ ವಿಮಾನವು ಓಡುದಾರಿಯಲ್ಲಿ ತುಸು ದೂರ ಧಾವಿಸಿ, ನೆಲ ಬಿಡುವ ಮುನ್ನವೇ ಗಕ್ಕನೆ ನಿಂತು, ‘ಯಂತ್ರದೋಷ’ವೆಂಬ ಒಂದೇ ಮಾತಿನೊಡನೆ ಹಿಂದಿರುಗಿತೆಂದರೆ, ಒಳಗಿದ್ದವರಿಗೆ ಮೊದಲು ಎದೆ ನಡುಗುವುದು, ನಡುಕವಿಳಿದ ಮೇಲೆ ಕೋಪ ಬರುವುದು. ಗೊತ್ತಾದ ದಿನ ಕೆಲಸಕ್ಕೆ ಹಾಜರಾಗದಿದ್ದರೆ ಅನ್ನಕ್ಕೇ ಸಂಚಕಾರ ಬರುವವನ ಕೋಪವನ್ನು ನಾವು ಹಳಿಯಲಾರೆವು. ಆದರೆ ಅದು ವೈಮಾನಿಕನ ಮೇಲೆ ತಿರುಗುವುದು ಅನ್ಯಾಯವೆಂದು ಹೇಳದೆ ಇರಲಾರೆವು.

ಹೊನ್ನಾವರದಲ್ಲಿ ಶರಾವತಿಯು ಕಡಲನ್ನು ಸೇರುವ ಅಳಿವೆಯ ಬಾಯಲ್ಲಿ ಹೂಳಿನ ದಿಬ್ಬ, ತೆರೆಯ ಹೊಡೆತ ಎರಡನ್ನೂ ನೋಡಿ ದೋಣಿಯನ್ನು ತಿರುಗಿಸುವ ತಾಂಡೇಲನನ್ನು ಆ ಊರಿನವರು ಯಾರೂ ಹೇಡಿಯೆನ್ನರು. ವೈಮಾನಿಕನು ನೋಡುವ ಲಕ್ಷಣಗಳು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಭೇದವಿರುವುದು ಇಷ್ಟೇ.

ವಿಮಾನದ ವೇಗವನ್ನು ಎದುರು ಗಾಳಿಯ ಒತ್ತಡದಿಂದ ಅಳೆಯುತ್ತಾರೆ. ಮೂತಿಯ ಬಳಿ ಹೊರಕ್ಕೆ ಚಾಚಿರುವ ಪಿಟೋ ಎಂಬ ಸಣ್ಣ ಕೊಳವೆಯೊಳಗೆ ಗಾಳಿಯು ನುಗ್ಗುವ ಒತ್ತಡವೇ ಚಾಲಕರ ಕೋಣೆಯ ಮಾಪಕದಲ್ಲಿ ವೇಗವಾಗಿ ತೋರುವುದು. ಇದಕ್ಕಾಗಿ ದೊಡ್ಡ ವಿಮಾನಗಳಲ್ಲಿ ಮೂರು ಪ್ರತ್ಯೇಕ ಏರ್ಪಾಡುಗಳಿರುತ್ತವೆ. ಓಟದ ಆರಂಭದಲ್ಲಿ, ಸುಮಾರು 80 ಇಲ್ಲವೆ 100 ನಾಟ್, ಅಂದರೆ ಗಂಟೆಗೆ 150ರಿಂದ 185 ಕಿಲೋಮೀಟರ್ ವೇಗ ಬಂದಾಗ, ಒಬ್ಬ ವೈಮಾನಿಕನು ಅದನ್ನು ಕೂಗಿ ಹೇಳುವನು, ಇನ್ನೊಬ್ಬನು ತನ್ನ ಮಾಪಕವನ್ನು ನೋಡಿ ತಾಳೆಹಾಕುವನು. ತಾಳೆಯಾಗದಿದ್ದರೆ ಅಲ್ಲಿಯೇ ನಿಲ್ಲಿಸತಕ್ಕದ್ದು. ವೇಗವು ಏರಿದಂತೆಲ್ಲ ನಿಲ್ಲಿಸುವುದೂ ಅಪಾಯಕರವಾಗುತ್ತದೆ. ನಿರ್ಣಯದ ವೇಗವೆಂಬ ಒಂದು ಮೇರೆಯನ್ನು ದಾಟಿದ ಮೇಲಂತೂ ಉಳಿದ ಹಾದಿಯು ನಿಲ್ಲಲು ಸಾಲದಾದ್ದರಿಂದ, ದೋಷವಿದ್ದರೂ ಏರಲೇಬೇಕು. ಎಲ್ಲ ನಿಶ್ಚಯವೂ ಕೆಲವೇ ಕ್ಷಣಗಳಲ್ಲಿ ಆಗತಕ್ಕದ್ದು.

2013ರ ನವೆಂಬರ್ 21ರಂದು ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ಸಿಂಗಾಪುರಕ್ಕೆ ಹೊರಟ ಏರ್‌ಬಸ್ ವಿಮಾನವೊಂದರ ಮುಖ್ಯ ವೈಮಾನಿಕನು ತನ್ನ ವೇಗಮಾಪಕವು ಕೆಟ್ಟಿರುವುದನ್ನು ಕಂಡು ಓಟವನ್ನು ನಿಲ್ಲಿಸಿದನು. ವಿಮಾನವನ್ನು ಹಿಂದಕ್ಕೆ ತಂದು ಪರೀಕ್ಷಿಸಿ ಮತ್ತೆ ಹೊರಡಿಸಿದರು. ಆದರೆ ನಿಜವಾದ ಕಾರಣವು ಸಿಕ್ಕಿರಲಿಲ್ಲ. ಎರಡನೆಯ ಓಟದಲ್ಲಿ ಮಾಪಕಗಳು ತಾಳೆಯಾಗುತ್ತಿಲ್ಲವೆಂದು ತಿಳಿಯುವಷ್ಟರಲ್ಲಿ ನಿರ್ಣಯದ ವೇಗವು ದಾಟಿಹೋಗಿತ್ತು. ಏರಿ, ಆಪತ್ತಿನ ಕರೆಯನ್ನು ಕೊಟ್ಟು, ಸುರಕ್ಷಿತವಾಗಿ ಮರಳಿ ಇಳಿದರು. ಆಮೇಲೆ ನೋಡಿದರೆ ಕೊಳವೆಯೊಳಗೆ ಮಣ್ಣಿನ ಗೂಡು! ವಿಮಾನವು ನೆಲದ ಮೇಲೆ ನಿಂತಿದ್ದ ಸುಮಾರು ಎರಡು ಗಂಟೆಗಳಲ್ಲಿ ಕಣಜವೊಂದು ಅದನ್ನು ಕಟ್ಟಿತ್ತು. ನಮ್ಮ ವೇದಾಂತಿಗಳು ಭ್ರಮರಕೀಟನ್ಯಾಯದಲ್ಲಿ ಸ್ಮರಿಸುವ ಗೂಡಿನ ಹುಳುವು ವಿಮಾನಶಾಸ್ತ್ರದಲ್ಲಿಯೂ ಹೀಗೆ ಸ್ಥಾನವನ್ನು ಪಡೆದಿದೆ. ಬಾಗಿಲ ಚೌಕಟ್ಟಿನಲ್ಲಿ ಅದರ ಗೂಡನ್ನು ಕಾಣದ ಮನೆ ನಮ್ಮ ಕರಾವಳಿಯಲ್ಲಿ ಯಾವುದಿದೆ? ಆದುದರಿಂದ ನಿಂತ ವಿಮಾನವನ್ನು ಬೇಗ ಹೊರಡಿಸಿರೆಂದು ಕೂಗಾಡುವವರು ತಾವು ಕೇಳುತ್ತಿರುವುದು ಏನೆಂಬುದನ್ನು ವಿಚಾರಿಸಬೇಕು.

ನಿಲ್ಲಿಸದಿದ್ದರೆ ಏನಾಗುವುದೆಂಬುದಕ್ಕೂ ದೃಷ್ಟಾಂತವಿದೆ. 1996ರ ಫೆಬ್ರುವರಿ 6ರಂದು ಡೊಮಿನಿಕನ್ ಗಣರಾಜ್ಯದ ಪೋರ್ಟೊ ಪ್ಲಾಟಾದಲ್ಲಿ ಬೋಯಿಂಗ್ 757 ವಿಮಾನವೊಂದರ ಮುಖ್ಯ ವೈಮಾನಿಕನಿಗೆ ತನ್ನ ವೇಗಮಾಪಕವು ಕೆಲಸ ಮಾಡುತ್ತಿಲ್ಲವೆಂಬುದು ಓಟದಲ್ಲಿಯೇ ಗೊತ್ತಾಗಿತ್ತು. ಆದರೂ ಅವನು ಏರಿದನು. ಕೆಲವೇ ನಿಮಿಷಗಳಲ್ಲಿ ವಿಮಾನವು ಸಮುದ್ರಕ್ಕೆ ಬಿದ್ದು 189 ಮಂದಿಯೂ ಮಡಿದರು. ಅಲ್ಲಿಯೂ ಕಣಜದ ಗೂಡೇ ಕಾರಣವಿರಬೇಕೆಂದು ತನಿಖೆಯವರು ಶಂಕಿಸಿದರು.

ನಮ್ಮದೇ ಅರಬ್ಬೀ ಸಮುದ್ರದ ನೆನಪೂ ಹಳೆಯದಾಗಿಲ್ಲ. 1978ರ ಜನವರಿ 1ರ ರಾತ್ರಿ ಮುಂಬಯಿಯಿಂದ ದುಬೈಗೆ ಹೊರಟ ‘ಸಾಮ್ರಾಟ್ ಅಶೋಕ’ ವಿಮಾನವು ಏರಿ ಎರಡು ನಿಮಿಷವಾಗುವುದರೊಳಗೆ ಬಾಂದ್ರೆಯಾಚೆಯ ಕಡಲಿಗೆ ಬಿದ್ದು 213 ಮಂದಿ ಅಸುನೀಗಿದರು. ವಿಮಾನದ ವಾಲಿಕೆಯನ್ನು ತೋರಿಸುವ ಮುಖ್ಯ ವೈಮಾನಿಕನ ಮಾಪಕವು ಆಕಾಶದಲ್ಲಿ ಕೆಟ್ಟಿತ್ತು. ಕತ್ತಲೆಯಲ್ಲಿ ಅವನು ಅದನ್ನೇ ನಂಬಿದನು. ಅಲ್ಲಿ ನಿಲ್ಲುವುದಕ್ಕೆ ನೆಲವಿರಲಿಲ್ಲ.

2010ರ ಮೇ 22ರಂದು ಬಜಪೆಯಲ್ಲಾದ ದುರಂತದಲ್ಲಿ ಮಾಪಕಗಳ ದೋಷವಿರಲಿಲ್ಲ. ದುಬೈಯಿಂದ ಬಂದ ವಿಮಾನವನ್ನು ಇಳಿಸದೆ ಮತ್ತೆ ಮೇಲಕ್ಕೇರಿಸಬೇಕೆಂದು ಸಹವೈಮಾನಿಕನು ಮೂರು ಬಾರಿ ಹೇಳಿದರೂ ಮುಖ್ಯ ವೈಮಾನಿಕನು ಇಳಿಸಿದನು. ಇಳಿಸಿ ನಿಲ್ಲಿಸಹೊರಟು, ಕಾಲ ಮೀರಿದ ಮೇಲೆ ಏರಿಸಲು ಯತ್ನಿಸಿದನು. 2,450 ಮೀಟರ್ ಉದ್ದದ ಗುಡ್ಡದ ನೆತ್ತಿಯ ಓಡುದಾರಿ ತೀರಿತು. ವಿಮಾನವು ಕಣಿವೆಗೆ ಉರುಳಿ 158 ಮಂದಿ ಮಡಿದರು, 8 ಮಂದಿ ಮಾತ್ರ ಉಳಿದರು. ಹಿಡಿದ ಕೆಲಸವನ್ನು ಕೈಬಿಡಲಾರದ ಹಟವು ಎಷ್ಟರ ಮಟ್ಟಿಗೆ ಘಾತಕವೆಂಬುದನ್ನು ಕರಾವಳಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ.

ಇಷ್ಟಾದರೂ ವಿಮಾನ ಕಂಪನಿಗಳನ್ನು ನಾವು ಹೊಣೆಯಿಂದ ಬಿಡುವುದಿಲ್ಲ. ಬಜಪೆಯಿಂದ ಭಟ್ಕಳವೇ ಸುಮಾರು 140 ಕಿಲೋಮೀಟರ್. ಹೊನ್ನಾವರ, ಕುಮಟೆಗಳು ಇನ್ನೂ ದೂರ. ಅಲ್ಲಿಂದ ಬಂದವನು ಮನೆಗೆ ಹೋಗಿ ಮತ್ತೆ ಬರಲಾರನು. ದೀರ್ಘ ವಿಳಂಬದಲ್ಲಿ ಊಟೋಪಚಾರ, ವಸತಿಗಳನ್ನು ಒದಗಿಸತಕ್ಕದ್ದೆಂದು ಕೇಂದ್ರದ ನಿಯಮವಿದೆ. ಅದನ್ನು ಪ್ರಯಾಣಿಕನು ಬೇಡಿ ಪಡೆಯುವಂತಾಗಬಾರದು. ವಿಮಾನವು ಏಕೆ ನಿಂತಿತೆಂಬುದನ್ನು ಕನ್ನಡದಲ್ಲಿ ತಿಳಿಯಹೇಳಲಿ. ಉದ್ಯೋಗದಾತನಿಗೆ ತೋರಿಸುವುದಕ್ಕೆ ವಿಳಂಬದ ಕಾರಣವನ್ನು ಬರೆದ ಪತ್ರವನ್ನು ಪ್ರತಿಯೊಬ್ಬನಿಗೂ ಕೊಡಲಿ. ಒಂದು ಹಾಳೆಯ ಖರ್ಚಿನಲ್ಲಿ ಒಬ್ಬನ ಉದ್ಯೋಗವು ಉಳಿಯಬಹುದು.

ಅಂಕೋಲೆಯ ಅಲಗೇರಿಯಲ್ಲಿ ನೌಕಾದಳದ ವಿಮಾನ ನಿಲ್ದಾಣದೊಡನೆ ನಾಗರಿಕ ನಿಲ್ದಾಣವನ್ನೂ ಕಟ್ಟುವ ಯೋಜನೆಯಿದೆ. ಅಲ್ಲಿಯ ಓಡುದಾರಿಯನ್ನು ಅಳೆಯುವ ಅಧಿಕಾರಿಗಳು, ಏರಲಾಗದೆ ನಿಲ್ಲಬೇಕಾದ ವಿಮಾನಕ್ಕೆ ತುದಿಯಾಚೆ ಬೇಕಾಗುವ ನೆಲವನ್ನು ನಕ್ಷೆಯಲ್ಲಿ ಮೊದಲೇ ಬಿಡಬೇಕು; ಆ ನೆಲದ ಒಡೆಯರಿಗೆ ನ್ಯಾಯವಾದ ಪರಿಹಾರವನ್ನೂ ಮೊದಲೇ ಸಲ್ಲಿಸಬೇಕು.