ತಿಂಡಿ ಬರಲಿಲ್ಲ, ಮೆಸೇಜ್ ಬಂತು

ಧಾರವಾಡದ ಒಬ್ಬ ಮಹಿಳೆ 2023ರ ಆಗಸ್ಟ್ 31ರಂದು ಮೊಬೈಲಿನಲ್ಲಿ ಜೊಮ್ಯಾಟೊ ಆ್ಯಪ್ ತೆರೆದು ಮೊಮೊ ಆರ್ಡರ್ ಮಾಡಿದರು. ಮೊಮೊ ಅಂದರೆ ಏನೆಂದು ಅಜ್ಜ-ಅಜ್ಜಿಯರಿಗೆ ಗೊತ್ತಿಲ್ಲದಿದ್ದರೆ ಮೊಮ್ಮಕ್ಕಳನ್ನು ಕೇಳಿ. ಹಬೆಯಲ್ಲಿ ಬೇಯಿಸಿದ, ಹೂರಣದ ಬದಲು ಪಲ್ಯ ತುಂಬಿದ ಪುಟ್ಟ ಕಡುಬು ಅಂದುಕೊಂಡರೆ ಸಾಕು. ಬೆಲೆ 133 ರೂಪಾಯಿ 25 ಪೈಸೆ. ಗೂಗಲ್ ಪೇ ಮೂಲಕ ದುಡ್ಡನ್ನು ಮೊದಲೇ ಕಟ್ಟಿಯಾಗಿತ್ತು. ಸುಮಾರು ಹದಿನೈದು ನಿಮಿಷಕ್ಕೆ ‘ನಿಮ್ಮ ಆರ್ಡರ್ ತಲುಪಿದೆ’ ಎಂಬ ಮೆಸೇಜ್ ಬಂತು. ತಿಂಡಿ ಮಾತ್ರ ಬರಲಿಲ್ಲ.

ಹೋಟೆಲಿನವರನ್ನು ಕೇಳಿದರೆ, ಡೆಲಿವರಿಯವನು ಆಗಲೇ ಒಯ್ದಿದ್ದಾನೆ ಎಂದರು. ಆ ಡೆಲಿವರಿಯವನು ಸಂಪರ್ಕಕ್ಕೆ ಸಿಗಲಿಲ್ಲ. ಕಂಪನಿಗೆ ಇ-ಮೇಲ್ ಬರೆದರೆ 72 ಗಂಟೆ ಕಾಯಿರಿ ಎಂಬ ಉತ್ತರ ಬಂತು. ಆ ಗಂಟೆಗಳು ಮುಗಿದರೂ ಏನೂ ಆಗಲಿಲ್ಲ. ಸೆಪ್ಟೆಂಬರ್ 13ರಂದು ಆಕೆ ನೋಟಿಸ್ ಕೊಟ್ಟರು, ಆಮೇಲೆ ಧಾರವಾಡ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಕೊಟ್ಟರು. ಪ್ರಕರಣ ನಡೆಯುತ್ತಿರುವಾಗಲೇ, 2024ರ ಮೇ 2ರಂದು, ಕಂಪನಿ 133 ರೂಪಾಯಿ 25 ಪೈಸೆಯನ್ನು ಮರಳಿಸಿತು. ಅಷ್ಟಕ್ಕೆ ಆಯೋಗ ಸುಮ್ಮನಾಗಲಿಲ್ಲ. ಆಕೆ ಅನುಭವಿಸಿದ ತೊಂದರೆಗೆ 50,000 ರೂಪಾಯಿ, ವ್ಯಾಜ್ಯದ ಖರ್ಚಿಗೆ 10,000 ರೂಪಾಯಿ ಕೊಡಬೇಕೆಂದು ಅದೇ ವರ್ಷ ಜುಲೈ 3ರಂದು ಆದೇಶಿಸಿತು.

ಆರ್ಡರ್ ಮಾಡಿದ ದಿನದಿಂದ ಆದೇಶದ ದಿನಕ್ಕೆ ಹತ್ತು ತಿಂಗಳು. ನೂರಾ ಮೂವತ್ಮೂರು ರೂಪಾಯಿಗಾಗಿ ಯಾರು ಇಷ್ಟು ಓಡಾಡುತ್ತಾರೆ ಎಂದು ನಮ್ಮಲ್ಲಿ ಬಹಳ ಜನ ಕೈ ಬಿಡುತ್ತಾರೆ. ಆದರೆ ಪಿಂಚಣಿ ದುಡ್ಡಿನಲ್ಲಿ ತರಿಸಿದ 2,000 ರೂಪಾಯಿಯ ಮಿಕ್ಸರ್ ಕೆಟ್ಟದ್ದೇ ಬಂದರೆ? ಅದು ಅಜ್ಜಿಯ ಒಂದು ತಿಂಗಳ ಔಷಧಿಯ ದುಡ್ಡು ಆಗಿರಬಹುದು.

ರೋಣ, ನರಗುಂದ, ಗಜೇಂದ್ರಗಡದವರಿಗೆ ಧಾರವಾಡ ಪರ ಊರೇನಲ್ಲ. 1997ರಲ್ಲಿ ಗದಗ ಜಿಲ್ಲೆಯಾಗುವವರೆಗೆ ಈ ಸೀಮೆಯೆಲ್ಲ ಧಾರವಾಡ ಜಿಲ್ಲೆಯೇ ಆಗಿತ್ತು. ಕೋರ್ಟು ಕಚೇರಿ ಎಂದರೆ ಹಿರಿಯರಿಗೆ ಈಗಲೂ ಧಾರವಾಡದ ಬಸ್ಸೇ ನೆನಪಾಗುತ್ತದೆ. ಈಗ ಗದಗಿನಲ್ಲೇ ಜಿಲ್ಲಾ ಗ್ರಾಹಕ ಆಯೋಗವಿದೆ.

ಸಂತೆಯಲ್ಲಿ ನಮ್ಮ ಹಿರಿಯರು ಹೇಗೆ ಕೊಳ್ಳುತ್ತಿದ್ದರು, ನೆನಪಿದೆಯೇ? ಗಡಿಗೆಯನ್ನು ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಿದ್ದರು. ಜೋಳವನ್ನು ಬೊಗಸೆಯಲ್ಲಿ ಹಿಡಿದು ಊದಿ ನೋಡುತ್ತಿದ್ದರು. ಮೆಣಸಿನಕಾಯಿ ಮುರಿದು ಮೂಸುತ್ತಿದ್ದರು. ಇಷ್ಟಾದ ಮೇಲೂ ಗಡಿಗೆ ಸೋರಿದರೆ ಮುಂದಿನ ವಾರ ಅದೇ ಜಾಗದಲ್ಲಿ ಅದೇ ಕುಂಬಾರ ಕೂತಿರುತ್ತಿದ್ದ. ‘ಏನಪಾ, ಇದು ಸೋರತೈತಿ’ ಎಂದರೆ ಬದಲಿಸಿ ಕೊಡುತ್ತಿದ್ದ, ಇಲ್ಲವೇ ಇಡೀ ಸಂತೆಗೆ ಕೇಳುವಂತೆ ಜಗಳವಾಗುತ್ತಿತ್ತು. ಎರಡೂ ಒಂದು ಬಗೆಯ ನ್ಯಾಯವೇ.

ಫೋನಿನ ಅಂಗಡಿಯಲ್ಲಿ ತಟ್ಟುವಂತಿಲ್ಲ, ಮೂಸುವಂತಿಲ್ಲ, ಮಾರುವವನ ಮುಖವೂ ಕಾಣುವುದಿಲ್ಲ. ಇನ್ನೊಂದು ತೊಡಕೂ ಇದೆ. ಅಮೆಜಾನ್, ಫ್ಲಿಪ್‌ಕಾರ್ಟ್, ಮೀಶೋ ಇಂಥ ತಾಣಗಳಲ್ಲಿ ಬಹಳಷ್ಟು ಮಾಲನ್ನು ಮಾರುವವರು ಬೇರೆಯವರು. ತಾಣ ಸಂತೆಯ ಬಯಲಿದ್ದಂತೆ, ಅಂಗಡಿ ಹಾಕಿದವರು ಸೂರತ್ತಿನವರೋ ದಿಲ್ಲಿಯವರೋ ಇರಬಹುದು. ಜಗಳ ಬಂದಾಗ ಬಯಲಿನವರು ಅಂಗಡಿಯವನತ್ತ ಕೈ ತೋರಿಸುತ್ತಾರೆ, ಅಂಗಡಿಯವನು ಪಾರ್ಸೆಲ್ ತಂದವನತ್ತ ತೋರಿಸುತ್ತಾನೆ. ಮೊಮೊ ಪ್ರಕರಣದಲ್ಲಿ ಆದದ್ದೂ ಹೆಚ್ಚುಕಡಿಮೆ ಇದೇ.

ಇದಕ್ಕಾಗಿಯೇ ಕಾನೂನು ಬಂತು. 1986ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಆನ್‌ಲೈನ್ ಖರೀದಿಯನ್ನೂ ತನ್ನೊಳಗೆ ಸೇರಿಸಿಕೊಂಡಿದೆ. (ಶಾಲೆಗಳಲ್ಲಿ ಡಿಸೆಂಬರ್ 24ರಂದು ಗ್ರಾಹಕರ ದಿನ ಆಚರಿಸುವುದು ಏಕೆಂದು ಮಕ್ಕಳಿಗೆ ಗೊತ್ತೇ? 1986ರಲ್ಲಿ ಆ ಹಳೆಯ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿದ್ದ ದಿನ ಅದು.) 2020ರ ಜುಲೈನಲ್ಲಿ ಇ-ಕಾಮರ್ಸ್ ನಿಯಮಗಳೂ ಬಂದವು. ಮಾಲು ದೋಷವುಳ್ಳದ್ದಾಗಿದ್ದರೆ, ನಕಲಿಯಾಗಿದ್ದರೆ, ತೋರಿಸಿದ್ದೊಂದು ಕಳಿಸಿದ್ದೊಂದು ಆಗಿದ್ದರೆ, ಹೇಳಿದ ದಿನ ದಾಟಿ ತಡವಾಗಿ ಬಂದಿದ್ದರೆ, ಅದನ್ನು ವಾಪಸ್ ಪಡೆಯುವುದಿಲ್ಲ, ದುಡ್ಡು ಮರಳಿಸುವುದಿಲ್ಲ ಎಂದು ಮಾರುವವನು ಹೇಳುವಂತಿಲ್ಲ. ಮಾರುವವನ ಹೆಸರು, ವಿಳಾಸವನ್ನು ತಾಣ ತೋರಿಸಲೇಬೇಕು. ದೂರು ಕೇಳಲು ಒಬ್ಬ ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಅವರ ಹೆಸರು ಮತ್ತು ಸಂಪರ್ಕದ ವಿವರವನ್ನೂ ತಾಣದಲ್ಲಿ ಹಾಕಬೇಕು. ದೂರು ಮುಟ್ಟಿತೆಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳಲ್ಲಿ ಅದನ್ನು ಬಗೆಹರಿಸಬೇಕು.

ಇಲ್ಲಿ ಒಂದು ಮಾತನ್ನು ಮಕ್ಕಳು ಚೆನ್ನಾಗಿ ಕೇಳಿಸಿಕೊಳ್ಳಬೇಕು. ‘ಈಗ ನನಗೆ ನೀಲಿ ಬಣ್ಣ ಬೇಡ, ಕೆಂಪು ಬೇಕು’ ಅನ್ನುವುದು ಮಾಲಿನ ದೋಷವಲ್ಲ. ಮನಸ್ಸು ಬದಲಾಯಿತೆಂದು ವಾಪಸ್ ಕಳಿಸುವ ಸವಲತ್ತನ್ನು ಮೇಲಿನ ನಿಯಮ ಕೊಡುವುದಿಲ್ಲ. ಅದು ಮಾರುವವರು ತಾವಾಗಿ ಕೊಡುವ ಸೌಕರ್ಯ. ಏಳು ದಿನವೋ ಹತ್ತು ದಿನವೋ, ಯಾವ ವಸ್ತುವಿಗೆ ಉಂಟು ಯಾವುದಕ್ಕಿಲ್ಲ ಎಂಬುದನ್ನು ಬೆಲೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಕನ್ನಡಕ ಹಾಕಿಕೊಂಡು ಆರ್ಡರ್‌ಗೆ ಮೊದಲೇ ಓದಿಸಿಕೊಳ್ಳಿ. ಹದಿನೆಂಟು ತುಂಬದವರು ಮಾಡಿದ ಕರಾರು ನಮ್ಮ ಕಾನೂನಿನಲ್ಲಿ ನಿಲ್ಲುವುದಿಲ್ಲ. ಆದ್ದರಿಂದ ಆರ್ಡರ್ ಹಿರಿಯರ ಹೆಸರಿನಲ್ಲಿ, ಹಿರಿಯರಿಗೆ ಗೊತ್ತಿದ್ದೇ ಆಗಬೇಕು. ಬೆರಳು ಮೊಮ್ಮಗನದಿರಲಿ, ಒಪ್ಪಿಗೆ ಅಜ್ಜನದಿರಲಿ.

ಮುಖ ಕಾಣದ ವ್ಯಾಪಾರದಲ್ಲಿ ಮುಖದ ಕೆಲಸವನ್ನು ಪುರಾವೆ ಮಾಡಬೇಕಾಗುತ್ತದೆ. ಪಾರ್ಸೆಲ್ ಬಂದ ಕೂಡಲೇ ಕತ್ತರಿ ಹುಡುಕುವ ಮೊದಲು ಫೋನ್ ಹುಡುಕಿ. ಒಬ್ಬರು ಬಿಚ್ಚಲಿ, ಇನ್ನೊಬ್ಬರು ವಿಡಿಯೊ ಮಾಡಲಿ. ಮೇಲಿನ ಚೀಟಿ, ಅಂಟಿಸಿದ ಟೇಪು, ಒಳಗಿನ ವಸ್ತು ಮೂರೂ ಒಂದೇ ವಿಡಿಯೊದಲ್ಲಿ, ನಡುವೆ ನಿಲ್ಲಿಸದೆ ಬರಬೇಕು. ಬಿಲ್ಲು, ತಾಣದಲ್ಲಿ ವಸ್ತುವಿನ ವರ್ಣನೆ ಇದ್ದ ಪುಟ, ಕಂಪನಿಯ ಜತೆ ನಡೆದ ಮಾತುಕತೆ ಇವುಗಳ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಕೆಲವು ಆರ್ಡರುಗಳಿಗೆ ಡೆಲಿವರಿಯವನು ಒಟಿಪಿ ಕೇಳುತ್ತಾನೆ. ವಸ್ತು ಕೈಗೆ ಬರುವ ಮೊದಲೇ ಅದನ್ನು ಹೇಳಿದರೆ ‘ತಲುಪಿದೆ’ ಎಂದು ನೀವೇ ಸಹಿ ಹಾಕಿದಂತೆ.

ದೂರು ಬರೆಯುವುದು ಕಷ್ಟವೇನಲ್ಲ. ಶಾಲೆಯಲ್ಲಿ ಕಲಿಸುವ ರಜೆ ಚೀಟಿಗಿಂತ ಸ್ವಲ್ಪ ಉದ್ದ, ಅಷ್ಟೇ. ಮಿಕ್ಸರಿನ ಉದಾಹರಣೆಯನ್ನೇ ಹಿಡಿದರೆ ಹೀಗೆ ಬರೆಯಬಹುದು:

‘ಇಂಥ ದಿನಾಂಕದಂದು ಇಂಥ ಸಂಖ್ಯೆಯ ಆರ್ಡರ್‌ನಲ್ಲಿ 2,000 ರೂಪಾಯಿ ಕೊಟ್ಟು ಮಿಕ್ಸರ್ ತರಿಸಿದ್ದೇವೆ. ಇಂಥ ದಿನ ತಲುಪಿತು. ಅದೇ ದಿನ ಹಚ್ಚಿ ನೋಡಿದಾಗ ತಿರುಗಲಿಲ್ಲ. ಪೆಟ್ಟಿಗೆ ಬಿಚ್ಚಿದ ವಿಡಿಯೊ ಮತ್ತು ಬಿಲ್ಲು ಜತೆಗಿವೆ. ಮಿಕ್ಸರನ್ನು ವಾಪಸ್ ಒಯ್ದು ಪೂರ್ತಿ ದುಡ್ಡು ಮರಳಿಸಬೇಕು. ದೂರಿನ ಸಂಖ್ಯೆಯನ್ನು ತಿಳಿಸಬೇಕು.’

ಸಿಟ್ಟು ಎಷ್ಟೇ ಇರಲಿ, ಬೈಗುಳ ಬೇಡ. ನಾಳೆ ಇದೇ ಪತ್ರ ಆಯೋಗದ ಮುಂದೆ ಹೋಗಬಹುದು. ಕೊನೆಯ ವಾಕ್ಯವನ್ನು ಮಾತ್ರ ಮರೆಯಬೇಡಿ. ದೂರಿನ ಸಂಖ್ಯೆ ಇಲ್ಲದಿದ್ದರೆ ನೀವು ಫೋನ್ ಮಾಡಿದ್ದು ಗಾಳಿಗೆ ಹೇಳಿದ ಹಾಗೆ.

ಕಂಪನಿ ಕಿವಿಗೊಡದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ಕೇಂದ್ರ ಸರ್ಕಾರದ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಹಿಂದಿ ಇಂಗ್ಲಿಷ್ ಬಾರದಿದ್ದರೂ ನಡೆಯುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅವರು ನಿಮ್ಮ ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ಕೇಳುತ್ತಾರೆ. ದಂಡ ಹಾಕುವ ಅಧಿಕಾರ ಅವರಿಗಿಲ್ಲ, ಆದರೂ ಎಷ್ಟೋ ದೂರುಗಳು ಅಲ್ಲಿಗೇ ಮುಗಿಯುತ್ತವೆ.

ಅಲ್ಲಿಯೂ ಆಗದಿದ್ದರೆ ಜಿಲ್ಲಾ ಆಯೋಗ. ಮಾರುವವನು ಸೂರತ್ತಿನವನಾದರೂ ನೀವು ಸೂರತ್ತಿಗೆ ಹೋಗಬೇಕಿಲ್ಲ. ದೂರುದಾರ ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದೆಂದು 2019ರ ಕಾಯ್ದೆ ಹೇಳುತ್ತದೆ. ಹಾಗಾಗಿ ನರಗುಂದದ ಅಜ್ಜನಿಗೆ ಗದಗೇ ಸಾಕು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ತೊಂದರೆಯಾದ ದಿನದಿಂದ ಎರಡು ವರ್ಷದೊಳಗೆ ಹೋಗಬೇಕು. ಮನೆಯಿಂದಲೇ ದೂರು ಸಲ್ಲಿಸಲು 2025ರ ಜನವರಿ 1ರಿಂದ ಇ-ಜಾಗೃತಿ ಎಂಬ ತಾಣವಿದೆ. ಪರೀಕ್ಷೆಗೆ ಕಳಿಸುವ ಅಗತ್ಯವಿಲ್ಲದ ಪ್ರಕರಣವನ್ನು ಮೂರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆಯಲ್ಲಿದೆ. ಮೊಮೊದ ಹತ್ತು ತಿಂಗಳು ನೋಡಿದಿರಲ್ಲ, ತಾಳ್ಮೆ ಬೇಕು.

ದುಡ್ಡು ಕಟ್ಟುವಾಗಲೇ ಸಿಕ್ಕಿಕೊಂಡರೆ ಅದು ಬೇರೆ ಲೆಕ್ಕ. ಯುಪಿಐನಲ್ಲಿ ಅಂಗಡಿಗೆ ಕಟ್ಟಿದ ದುಡ್ಡು ನಿಮ್ಮ ಖಾತೆಯಿಂದ ಹೋಗಿ, ಅಂಗಡಿಯವನಿಗೆ ಖಾತ್ರಿಯಾಗದಿದ್ದರೆ ಐದು ದಿನದೊಳಗೆ ತಾನಾಗಿ ಮರಳಬೇಕೆಂದು ರಿಸರ್ವ್ ಬ್ಯಾಂಕ್ 2019ರಲ್ಲಿ ಆದೇಶಿಸಿದೆ. ಅದಕ್ಕೂ ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಸೇರಿಸಿ ಕೊಡಬೇಕು. ಇದನ್ನು ಕೇಳಬೇಕಾದದ್ದು ಬ್ಯಾಂಕಿಗೆ.

ಇಷ್ಟು ಹೊತ್ತು ಕೊಳ್ಳುವವರ ಮಾತಾಯಿತು. ಮಾರುವವರೂ ನಮ್ಮವರೇ ಇದ್ದಾರೆ. ಗಜೇಂದ್ರಗಡದ ಕೈಮಗ್ಗದ ಪಟ್ಟೆದಂಚು ಸೀರೆ ನಮ್ಮ ಅಜ್ಜಿಯರಿಗೆ ಹೊಸದಲ್ಲ. ಇಂಥ ಸೀರೆ ನೇಯುವವರೂ ಇಂದು ಫೋನಿನ ಮೂಲಕ ದೂರದ ಊರಿಗೆ ಮಾರಬಹುದು. ಅಲ್ಲಿ ಕಷ್ಟ ತಿರುಗುಮುರುಗಾಗುತ್ತದೆ. ಫೋಟೊದಲ್ಲಿ ಕಂಡ ಕೆಂಪು ಬೇರೆ, ಕೈಗೆ ಬಂದ ಕೆಂಪು ಬೇರೆ ಎಂಬ ದೂರು ಬರುತ್ತದೆ. ಮದುವೆಗೆ ಒಂದು ದಿನ ಉಟ್ಟು, ಮಡಚಿ, ‘ಸರಿಯಿಲ್ಲ’ ಎಂದು ವಾಪಸ್ ಕಳಿಸುವವರೂ ಉಂಟು. ಹೊಸ ಸೀರೆ ಇಟ್ಟುಕೊಂಡು ಹಳೆಯದನ್ನು ಪೆಟ್ಟಿಗೆಗೆ ಹಾಕುವ ಚಾಲಾಕಿಗಳೂ ಇರುತ್ತಾರೆ. ದಿನಗಟ್ಟಲೆ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಕೂತವರಿಗೆ ಒಂದು ಸೀರೆ ಹೀಗೆ ಹಾಳಾದರೆ ಆ ವಾರದ ದುಡಿಮೆಯೇ ಹೋಯಿತು. ನನಗೆ ಕೇಳಿದರೆ, ಇದು ಕೆಟ್ಟ ಮಿಕ್ಸರ್ ಕಳಿಸಿದಷ್ಟೇ ದೊಡ್ಡ ಮೋಸ.

ಅವರಿಗೂ ಪುರಾವೆಯೇ ಆಸರೆ. ಸೀರೆಯನ್ನು ಹಗಲು ಬೆಳಕಿನಲ್ಲಿ ಫೋಟೊ ತೆಗೆಯಬೇಕು. ಅಂಚು, ಸೆರಗು, ಉದ್ದ ಎಲ್ಲವನ್ನೂ ಅಳತೆ ಸಮೇತ ಬರೆಯಬೇಕು. ‘ಕೈಯಿಂದ ನೇಯ್ದದ್ದು, ಅಲ್ಲಲ್ಲಿ ನೂಲಿನ ಗಂಟು ಕಾಣಬಹುದು’ ಎಂದು ಮೊದಲೇ ಹೇಳಿಬಿಟ್ಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಕಟ್ಟುವಾಗ ತೂಕದ ಸಮೇತ ವಿಡಿಯೊ ಮಾಡಬೇಕು. ವಾಪಸ್ ಬಂದ ಪೆಟ್ಟಿಗೆಯನ್ನೂ ವಿಡಿಯೊ ಮಾಡುತ್ತಲೇ ಬಿಚ್ಚಬೇಕು. ಕೊಂಡವರು ಹೇಳಿದ್ದು ನಿಜವಾಗಿದ್ದರೆ ದುಡ್ಡನ್ನು ತಡಮಾಡದೆ ಕೊಡುವುದೇ ಒಳ್ಳೆಯದು, ಮುಂದಿನ ಗಿರಾಕಿ ಹಿಂದಿನವರ ಅಭಿಪ್ರಾಯ ಓದಿಯೇ ಬರುತ್ತಾರೆ.

ರಿಫಂಡ್ ಎಂಬ ಮಾತಿನ ಬೆನ್ನಿಗೇ ಕಳ್ಳರೂ ಬರುತ್ತಾರೆ. ಮಿಕ್ಸರ್ ಕೆಟ್ಟಿತೆಂದು ಕಂಪನಿಯ ನಂಬರನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಕಳ್ಳರು ಹಾಕಿಟ್ಟ ನಂಬರೂ ಸಿಗುತ್ತದೆ. ಆ ಕಡೆಯವನು ಬಹಳ ಸೌಜನ್ಯದಿಂದ, ‘ದುಡ್ಡು ವಾಪಸ್ ಹಾಕ್ತೀವಿ ಅಜ್ಜಾರ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತರಿ’ ಅನ್ನುತ್ತಾನೆ. ದುಡ್ಡು ಪಡೆಯಲು ಪಿನ್ ಬೇಡ. ಪಿನ್ ಒತ್ತಿದರೆ ದುಡ್ಡು ಹೋಗುವುದೇ ಹೊರತು ಬರುವುದಿಲ್ಲ. ಇದನ್ನು ಮಕ್ಕಳು ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಅಜ್ಜನ ಫೋನಿನ ಕವರಿಗೆ ಅಂಟಿಸಬಹುದು. ಕಂಪನಿಯ ನಂಬರು ಬೇಕಾದರೆ ಆ್ಯಪ್‌ನೊಳಗೇ ನೋಡಬೇಕು. ಹಾಗೂ ಮೋಸಹೋದರೆ ನಾಳೆ ನೋಡೋಣ ಅನ್ನದೆ ಆ ಕ್ಷಣವೇ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದಷ್ಟೂ ದುಡ್ಡನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಹೆಚ್ಚು.

ಮಧ್ಯಾಹ್ನ ಮನೆಯಲ್ಲಿ ಹಿರಿಯರಷ್ಟೇ ಇರುವಾಗ ಬರುವ ಇನ್ನೊಂದು ಮೋಸವಿದೆ. ಯಾರೂ ಆರ್ಡರ್ ಮಾಡದ ಪಾರ್ಸೆಲ್ ಬಾಗಿಲಿಗೆ ಬರುತ್ತದೆ, ಮೇಲೆ ಮನೆಯವರದ್ದೇ ಹೆಸರಿರುತ್ತದೆ, 499 ರೂಪಾಯಿ ಕೊಡಿ ಅನ್ನುತ್ತಾರೆ. ಮಗನೋ ಸೊಸೆಯೋ ತರಿಸಿರಬೇಕೆಂದು ಅಜ್ಜಿ ಸೆರಗಿನ ಗಂಟು ಬಿಚ್ಚುತ್ತಾರೆ. ಒಳಗೆ ನೋಡಿದರೆ ಕಾಸಿಗೂ ಬಾಳದ ವಸ್ತು. ಮೊದಲು ಮನೆಯವರಿಗೆ ಒಂದು ಫೋನ್ ಮಾಡಿ ಕೇಳಿ, ಯಾರೂ ತರಿಸಿಲ್ಲವೆಂದಾದರೆ ದುಡ್ಡು ಕೊಡಬೇಡಿ. ತಂದ ಹುಡುಗನನ್ನು ಬೈಯುವುದೂ ಬೇಡ, ಪೆಟ್ಟಿಗೆಯೊಳಗೆ ಏನಿದೆಯೆಂದು ಅವನಿಗೂ ಗೊತ್ತಿರುವುದಿಲ್ಲ. ‘ಇದು ನಮ್ಮದಲ್ಲೋ ತಮ್ಮಾ, ತಿರುಗಿ ಒಯ್ಯಿ’ ಎಂದರೆ ಸಾಕು. ಬಿಸಿಲು ಜೋರಿದ್ದರೆ ಒಂದು ತಂಬಿಗೆ ನೀರು ಕೊಟ್ಟು ಕಳಿಸಿ.